ನನ್ನ ಪೈಲಟ್ ಅಳಿಯ ಮತ್ತು ಸ್ಕೂಟರಿನ ಕೀಲಿ

ನಮ್ಮ ಅಬ್ಬಿಗೇರಿಯಲ್ಲಿ ವಿಮಾನ ಎಂದರೆ ಕತ್ತೆತ್ತಿ ನೋಡುವ ವಸ್ತು. ಎರಿ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳು ಸದ್ದು ಕೇಳಿದೊಡನೆ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಾರೆ. ಶಾಲೆಯ ಹುಡುಗರು ಕೈ ಬೀಸಿ ಕೂಗುತ್ತಾರೆ. ಒಳಗೆ ಕುಳಿತವರಿಗೆ ನಾವು ಕಾಣುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಕೈ ಬೀಸದೆ ಇರಲು ಆಗುವುದಿಲ್ಲ.

ಹಾಗೆ ಕೈ ಬೀಸಿದ ಹುಡುಗರಲ್ಲಿ ಒಬ್ಬ ಇಂದು ವಿಮಾನ ನಡೆಸುತ್ತಾನೆ. ಅವನು ನನ್ನ ತಂಗಿಯ ಮಗ. ಹುಟ್ಟಿದ್ದು ನಮ್ಮ ಮನೆಯಲ್ಲೇ, ಬೇಸಿಗೆಯ ರಜೆ ಕಳೆದದ್ದೂ ಇಲ್ಲೇ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿ, 'ನಾ ಪೈಲಟ್ ಆಗ್ತೀನಿ' ಎಂದಾಗ ಅವನ ಅಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತರು. ಲೈಸೆನ್ಸ್ ಬೇಕಾದರೆ 200 ಗಂಟೆ ವಿಮಾನ ಹಾರಿಸಿ ಕಲಿಯಬೇಕು. ಆ ಖರ್ಚು ಕೇಳಿದರೆ ನಮ್ಮಂಥವರಿಗೆ ನೆಲದ ಮೇಲೆ ನಿಂತಲ್ಲೇ ತಲೆ ತಿರುಗುತ್ತದೆ. ಎರಡು ಎಕರೆ ಹೊಲ ಮಾರಿದರು. ಉಳಿದದ್ದಕ್ಕೆ ಸಾಲ ತೆಗೆದರು. ಆ ಸಾಲದ ಕಾಗದಕ್ಕೆ ಜಾಮೀನು ಸಹಿ ಹಾಕಿದವನು ನಾನು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಜಾಮೀನು ಎಂದರೇನು ಎಂದು ಬೇರೆಯವರು ಹೇಳಿಕೊಡಬೇಕಿಲ್ಲ. ಸಹಿ ಹಾಕಿದ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಹುಡುಗ ಸಾಲ ತೀರಿಸಿದ, ಕೋ-ಪೈಲಟ್ ಆಗಿದ್ದವನು ಕ್ಯಾಪ್ಟನ್ ಆದ, ಹೆಗಲ ಮೇಲೆ ನಾಲ್ಕು ಬಂಗಾರದ ಪಟ್ಟಿ ಬಂದವು.

ಕಳೆದ ವರ್ಷ ಶೀಗಿ ಹುಣ್ಣಿಮೆಯ ಹೊತ್ತಿಗೆ ಅವನು ಹೇಳದೆ ಕೇಳದೆ ಊರಿಗೆ ಬಂದ. ಯಾವಾಗಲೂ ಒಂದೂವರೆ ದಿನಕ್ಕೆ ಬಂದು ಓಡುವವನು ಈ ಸಲ ಎರಡು ದೊಡ್ಡ ಬ್ಯಾಗು ತಂದಿದ್ದ.

"ಎಷ್ಟು ದಿನ ರಜಾ ಅದನೋ?" ಎಂದೆ.

"ಗೊತ್ತಿಲ್ಲ ಮಾಮಾ" ಎಂದ. ಮತ್ತೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಪೈಲಟ್ ಬಂದಿದ್ದಾನೆ ಎಂದು ಊರಲ್ಲಿ ಸುದ್ದಿ ಹರಡಲು ಎಷ್ಟು ಹೊತ್ತು? ಸಂಜೆ ನಮ್ಮ ಮನೆಯ ಮುಂದಿನ ಕಟ್ಟೆ ತುಂಬಿತು. ನನ್ನ ಓರಗೆಯ ಅಜ್ಜಂದಿರು ಒಂದು ಕಡೆ, ಐದನೆಯ ತರಗತಿಯ ನನ್ನ ಮೊಮ್ಮಗ ಮತ್ತು ಅವನ ದಂಡು ಇನ್ನೊಂದು ಕಡೆ. ನನ್ನ ಹೆಂಡತಿ ಗಿರಮಿಟ್ಟು, ಮಿರ್ಚಿ ಮಾಡಿ ಕಳಿಸಿದಳು. ಪ್ರಶ್ನೆಗಳ ಸುರಿಮಳೆ ಶುರುವಾಯಿತು.

"ವಿಮಾನಕ್ಕ ಹಾರ್ನ್ ಇರ್ತದೇನು?"

ಎಲ್ಲರೂ ನಕ್ಕರು. ಅಳಿಯ ನಗಲಿಲ್ಲ. "ಇರ್ತದ. ಆದ್ರ ಮ್ಯಾಲ ಹಾರೂವಾಗ ಹೊಡಿಯಾಕಲ್ಲ. ನೆಲದ ಮ್ಯಾಲ ನಿಂತಾಗ, ಕೆಳಗಿರೋ ಎಂಜಿನಿಯರನ್ನ ಕರೀಬೇಕಾದ್ರ ಒತ್ತತೀವಿ" ಎಂದ.

"ಕೀಲಿ?"

"ಕೀಲಿ ಇಲ್ಲ. ಗುಂಡಿ, ಸ್ವಿಚ್ಚು ಅಷ್ಟ. ನಿಮ್ಮಜ್ಜನ ಸ್ಕೂಟರಿಗೆ ಕೀಲಿ ಬೇಕು, ನನ್ನ ವಿಮಾನಕ್ಕ ಬ್ಯಾಡ."

"ಎಣ್ಣಿ ಎಷ್ಟು ಕುಡೀತದ?" ಇದು ನನ್ನ ಗೆಳೆಯರೊಬ್ಬರ ಪ್ರಶ್ನೆ, ಅವರ ಟ್ರ್ಯಾಕ್ಟರಿನ ಡೀಸೆಲ್ ಚಿಂತೆ ಅವರಿಗೆ. ಅವನು ನಡೆಸುವ ಏರ್‌ಬಸ್ 320 ಒಂದು ಗಂಟೆಗೆ ಸುಮಾರು ಎರಡೂವರೆ ಟನ್ ಇಂಧನ ಸುಡುತ್ತದೆಯಂತೆ. ಗೆಳೆಯರು ಮಿರ್ಚಿ ಕಚ್ಚಿದ್ದನ್ನೇ ಮರೆತರು.

"ನಮ್ಮ ಗಜೇಂದ್ರಗಡದ ಗಾಳಿ ಫ್ಯಾನು ಮ್ಯಾಲಿಂದ ಕಾಣ್ತಾವೇನು?" ಎಂದು ಒಬ್ಬ ಹುಡುಗ ಕೇಳಿದ. ಕಾಣುತ್ತವೆ ಎಂದ ಅಳಿಯ ಒಂದು ಹೊಸ ವಿಷಯ ಹೇಳಿದ. ಗಾಳಿಯಂತ್ರಗಳು ಗಾಳಿ ಬರುವ ಕಡೆಗೆ ಮುಖ ತಿರುಗಿಸಿಕೊಂಡು ನಿಲ್ಲುತ್ತವೆ. ವಿಮಾನವೂ ಏರುವಾಗ, ಇಳಿಯುವಾಗ ಹಾಗೆಯೇ ಗಾಳಿಗೆ ಎದುರಾಗಿ ಹೋಗುತ್ತದೆ. ಎದುರು ಗಾಳಿ ರೆಕ್ಕೆಯನ್ನು ಎತ್ತಿ ಹಿಡಿಯುತ್ತದೆ, ಕಡಿಮೆ ವೇಗದಲ್ಲಿ, ಕಡಿಮೆ ಜಾಗದಲ್ಲಿ ಇಳಿಯಬಹುದು. ಅದಕ್ಕೇ ಒಂದೇ ರನ್‌ವೇಗೆ ಎರಡು ತುದಿಯಲ್ಲಿ ಎರಡು ಹೆಸರು. ಬೆಂಗಳೂರಿನ ರನ್‌ವೇಗೆ ಒಂದು ತುದಿಯಲ್ಲಿ 09, ಇನ್ನೊಂದು ತುದಿಯಲ್ಲಿ 27 ಎಂದು ಬರೆದಿದೆ. ದಿಕ್ಸೂಚಿಯಲ್ಲಿ ಪೂರ್ವ 90 ಡಿಗ್ರಿ, ಪಶ್ಚಿಮ 270 ಡಿಗ್ರಿ. ಕೊನೆಯ ಸೊನ್ನೆ ಬಿಟ್ಟರೆ ಅದೇ ಹೆಸರು. ಹುಡುಗರು ಕೂಡಲೇ ನಮ್ಮ ಓಣಿಗೆ ನಂಬರ್ ಕೊಡಲು ಓಡಿದರು.

ಒಂಬತ್ತನೆಯ ತರಗತಿಯ ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಳು. "ಮಾಮಾ, ಹುಡುಗ್ಯಾರೂ ಆಗಬಹುದಲ್ಲ?" ಎಂದಳು. ಅವನು 2021ರ ಜನವರಿಯ ಮಾತು ಹೇಳಿದ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ನಮ್ಮ ಬೆಂಗಳೂರಿಗೆ, ನೇರ ದೂರ ಅಳೆದರೆ ಸುಮಾರು 14,000 ಕಿಲೋಮೀಟರು, ಎಲ್ಲೂ ಇಳಿಯದೆ, ಉತ್ತರ ಧ್ರುವದ ಮೇಲಿನಿಂದ ಏರ್ ಇಂಡಿಯಾ ವಿಮಾನ ಬಂತು. ಮುಂದೆ ಕುಳಿತು ಅದನ್ನು ನಡೆಸಿದ ನಾಲ್ವರೂ ಹೆಂಗಸರು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ಮುಖ್ಯಸ್ಥೆ. ಮೊಮ್ಮಗಳು ಮತ್ತೇನೂ ಕೇಳಲಿಲ್ಲ, ಒಳಗೆ ಹೋಗಿ ಅಟ್ಲಾಸ್ ತೆಗೆದಳು.

ನನ್ನ ಗೆಳೆಯರಿಗೆ ಕ್ಯಾಪ್ಟನ್ ಎಂದೊಡನೆ ನೆನಪಾದದ್ದು ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. 2003ರ ಆಗಸ್ಟಿನಲ್ಲಿ ಅವರ ಏರ್ ಡೆಕ್ಕನ್ ವಿಮಾನ ಬೆಂಗಳೂರು–ಹುಬ್ಬಳ್ಳಿ ನಡುವೆ ಓಡಾಡಲು ಶುರುವಾದಾಗ ನಮ್ಮ ಕಡೆ ಅದೇ ಮಾತು. ಅಗ್ಗದ ಟಿಕೆಟ್ಟಿನ ಆ ವಿಮಾನದಲ್ಲೇ ನನ್ನ ಮೊದಲ ಹಾರಾಟವೂ ಆಯಿತು. ಗದಗ, ಅಣ್ಣಿಗೇರಿ ದಾಟಿ ಗೋಕುಲ ರೋಡಿನ ನಿಲ್ದಾಣಕ್ಕೆ ಹೋಗಿ, ಎಟಿಆರ್ ಎಂಬ ಎರಡು ಪಂಖದ ಪುಟ್ಟ ವಿಮಾನ ಹತ್ತಿದ್ದೆ. ಅಳಿಯ ನಕ್ಕು ತಿದ್ದಿದ: "ಅವರು ಸೈನ್ಯದ ಕ್ಯಾಪ್ಟನ್ರಿ. 1971ರ ಯುದ್ಧ ಕಂಡವರು, ಆಮ್ಯಾಲ ಒಕ್ಕಲುತನ ಮಾಡಿದವರು. ನಮ್ಮಂಗ ವಿಮಾನ ನಡಸೋ ಕ್ಯಾಪ್ಟನ್ ಅಲ್ಲ." ಇಪ್ಪತ್ತು ವರ್ಷದಿಂದ ಅವರೇ ಆ ವಿಮಾನ ನಡೆಸುತ್ತಿದ್ದರು ಎಂದು ನಂಬಿದ್ದ ಒಬ್ಬ ಗೆಳೆಯರಿಗೆ ಸ್ವಲ್ಪ ಬೇಸರವಾಯಿತು.

ಮರುದಿನದಿಂದ ನಾನೂ ಅವನೂ ಮುಂಜಾನೆ ಹೊಲದ ದಾರಿಯಲ್ಲಿ ತಿರುಗಾಡಲು ಶುರುಮಾಡಿದೆವು. ಕಡಲೆ ಬಿತ್ತುವ ಕಾಲ. ಆಗ ಅವನ ದಿನಚರಿ ಕೇಳಿದೆ. ನಾನು ಅಂದುಕೊಂಡದ್ದೇ ಬೇರೆ. ಬಿಳಿ ಅಂಗಿ, ಕಪ್ಪು ಕನ್ನಡಕ, ದೊಡ್ಡ ಹೋಟೆಲು, ದೇಶ ವಿದೇಶ. ಅವನು ಹೇಳಿದ್ದನ್ನು ಕೇಳಿದರೆ ನಮ್ಮ ಬಸ್ಸಿನ ಡ್ರೈವರರ ಕಷ್ಟವೂ, ನಮ್ಮ ಬ್ಯಾಂಕಿನ ಕಟ್ಟುಪಾಡೂ ಸೇರಿದ ನೌಕರಿ ಅದು.

ಐದೂವರೆಗೆ ಹೊರಡುವ ವಿಮಾನಕ್ಕೆ ಎರಡು, ಎರಡೂವರೆಗೆಲ್ಲ ಏಳಬೇಕು. ಹೆಂಡತಿ ಮಕ್ಕಳು ಮಲಗಿರುವಾಗ ಕಳ್ಳನ ಹಾಗೆ ಬೂಟು ಕೈಯಲ್ಲಿ ಹಿಡಿದು ಹೊರಬರಬೇಕು. ನಿಲ್ದಾಣಕ್ಕೆ ಹೋದೊಡನೆ ಒಂದು ಕೊಳವೆಯಲ್ಲಿ ಊದಬೇಕು. ಮದ್ಯದ ಅಂಶ ಸೊನ್ನೆ ಇರಬೇಕು. ಹಾರಾಟಕ್ಕೆ ಮುಂಚಿನ 12 ಗಂಟೆ ಮದ್ಯ ಮುಟ್ಟುವಂತಿಲ್ಲ. ಮದ್ಯಸಾರ ಇರುವ ಬಾಯಿ ಮುಕ್ಕಳಿಸುವ ದ್ರಾವಣವನ್ನೂ ಬಳಸುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ಮೂರು ತಿಂಗಳು, ಎರಡನೆಯ ಸಲ ಮೂರು ವರ್ಷ ಲೈಸೆನ್ಸ್ ಅಮಾನತು. ಮೂರನೆಯ ಸಲ ರದ್ದು. ಆಮೇಲೆ ಹವಾಮಾನ, ಎಣ್ಣೆಯ ಲೆಕ್ಕ, ದಾರಿಯ ಸೂಚನೆಗಳನ್ನು ಓದಬೇಕು. ಇಬ್ಬರಲ್ಲಿ ಒಬ್ಬರು ಕೆಳಗಿಳಿದು ವಿಮಾನದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಗಾಲಿ, ರೆಕ್ಕೆ, ಎಂಜಿನ್ ಕಣ್ಣಾರೆ ನೋಡಬೇಕು.

ಕೆಲವು ದಿನ ನಾಲ್ಕು ಹಾರಾಟ. ಇಳಿಯುವುದು, ಅರ್ಧ ಗಂಟೆಯಲ್ಲಿ ಮತ್ತೆ ಏರುವುದು. ಊಟ ತೊಡೆಯ ಮೇಲಿನ ಡಬ್ಬಿಯಲ್ಲಿ. ಅದರಲ್ಲೂ ಕ್ಯಾಪ್ಟನ್ ತಿಂದದ್ದನ್ನೇ ಕೋ-ಪೈಲಟ್ ತಿನ್ನದಿರುವ ರೂಢಿ. ಊಟ ಕೆಟ್ಟಿದ್ದರೆ ಇಬ್ಬರ ಹೊಟ್ಟೆಯೂ ಒಟ್ಟಿಗೆ ಕೆಡಬಾರದಲ್ಲ! ಇದನ್ನು ಕೇಳಿ ನನಗೆ ಬ್ಯಾಂಕಿನ ಖಜಾನೆಯ ಎರಡು ಕೀಲಿ ನೆನಪಾದವು. ಒಂದು ಮ್ಯಾನೇಜರರ ಬಳಿ, ಇನ್ನೊಂದು ಹೆಡ್ ಕ್ಯಾಷಿಯರರ ಬಳಿ. ಒಬ್ಬರೇ ಬಂದರೆ ಬಾಗಿಲು ತೆರೆಯದು. ಯಾರ ಮೇಲೂ ಅಪನಂಬಿಕೆಯಿಂದಲ್ಲ, ಮನುಷ್ಯ ಎಂದ ಮೇಲೆ ತಪ್ಪುತ್ತಾನೆ ಎಂಬ ತಿಳಿವಳಿಕೆಯಿಂದ.

ಪಟ್ಟಿ ಓದುವುದೂ ಹಾಗೆಯೇ. ನಾವು ಸಂಜೆ ಲೆಕ್ಕ ಕೂಡಿಸುವಾಗ ಒಬ್ಬ ಓದುತ್ತಿದ್ದ, ಇನ್ನೊಬ್ಬ ಟಿಕ್ ಹಾಕುತ್ತಿದ್ದ. ಪೈಲಟ್‌ಗಳು ಸಾವಿರ ಸಲ ಹಾರಿಸಿದ್ದರೂ ಪಟ್ಟಿ ನೋಡದೆ ವಿಮಾನ ಏರಿಸುವುದಿಲ್ಲ. ಇದಕ್ಕೊಂದು ಕಥೆ ಇದೆ. 1935ರಲ್ಲಿ ಅಮೆರಿಕದಲ್ಲಿ ಬೋಯಿಂಗ್ ಕಂಪನಿಯ ಒಂದು ಹೊಸ ದೊಡ್ಡ ವಿಮಾನ ಪರೀಕ್ಷಾ ಹಾರಾಟದಲ್ಲಿ ಏರಿದೊಡನೆ ಬಿತ್ತು. ನಡೆಸಿದವರು ಅನುಭವಸ್ಥರೇ. ನಿಂತಾಗ ಗಾಳಿಗೆ ಅಲುಗಾಡದಂತೆ ರೆಕ್ಕೆ–ಬಾಲದ ಪಟ್ಟಿಗಳಿಗೆ ಹಾಕಿದ್ದ ಬಂಧನ ತೆಗೆಯುವುದನ್ನು ಮರೆತಿದ್ದರು. ಅಂದಿನಿಂದ ನೆನಪನ್ನು ನಂಬುವುದು ಬೇಡ, ಬರೆದಿಟ್ಟು ಓದೋಣ ಎಂಬ ಪದ್ಧತಿ ಬೆಳೆಯಿತು.

ಇನ್ನೊಂದು ನಿಯಮ ನನ್ನ ಹೆಂಡತಿಗೆ ಬಹಳ ಹಿಡಿಸಿತು. ವಿಮಾನ 10,000 ಅಡಿಗಿಂತ ಕೆಳಗಿರುವಾಗ, ಅಂದರೆ ಏರುವ ಇಳಿಯುವ ಹೊತ್ತಿನಲ್ಲಿ, ಮುಂದೆ ಕುಳಿತ ಇಬ್ಬರೂ ಕೆಲಸಕ್ಕೆ ಬೇಕಾದ ಮಾತಲ್ಲದೆ ಬೇರೆ ಒಂದು ಮಾತೂ ಆಡುವಂತಿಲ್ಲ. "ನಾ ಹೋಳಿಗಿ ಬೇಯಸೂವಾಗೂ ಇದ ನಿಯಮ ಮಾಡ್ರಿ. ನಿಮ್ಮ ಮಾವ ಆಗ ಬಂದು ಪೇಪರ್ ಓದಿ ಹೇಳ್ತಾರ" ಎಂದಳು.

ಮೇಲೆ ಹೋದ ಮೇಲೆ ಮಾತಿಗೆ ಬರವಿಲ್ಲ. ಹಾಸ್ಯ, ಸಾಲ, ಮಕ್ಕಳ ಫೀಸು, ಡ್ಯೂಟಿ ಪಟ್ಟಿ ಹಾಕುವವರ ಮೇಲಿನ ಸಿಟ್ಟು. ನಾಲ್ಕು ದಿನ ನಾಲ್ಕು ಊರಿನ ಹೋಟೆಲಿನಲ್ಲಿ ಮಲಗಿ, ಐದನೆಯ ದಿನ ತನ್ನ ಮನೆಯಲ್ಲೇ ಎಚ್ಚರವಾಗಿ, ಕತ್ತಲಲ್ಲಿ ಬಚ್ಚಲುಮನೆ ಎಂದು ಬಟ್ಟೆಯ ಕಪಾಟು ತೆರೆದ ಗೆಳೆಯನ ಕಥೆ ಹೇಳಿದ. ಮಕ್ಕಳು ಬಿದ್ದು ಬಿದ್ದು ನಕ್ಕರು. ಒಂದು ಸಂಜೆ ಅದೇ ಗೆಳೆಯ ಫೋನು ಮಾಡಿದ. ಕಟ್ಟೆಯ ಮೇಲೆ ಎಲ್ಲರಿಗೂ ಕೇಳುವಂತೆ ಇಟ್ಟ.

"ಕ್ಯಾಪ್ಟನ್ ಸಾಹೇಬರು ಈಗ ಎಷ್ಟು ಎತ್ತರದಲ್ಲಿದ್ದೀರಿ?"

"ಕಟ್ಟೆ ಮೇಲೆ. ಎರಡೂವರೆ ಅಡಿ."

"ಹವಾಮಾನ?"

"ಮಿರ್ಚಿ ಬಿಸಿ ಇದೆ. ಎದುರು ಗಾಳಿಯಲ್ಲಿ ಉಳ್ಳಾಗಡ್ಡಿ ವಾಸನೆ."

"ಇಳಿಯಲು ಅನುಮತಿ ಇಲ್ಲ. ಅಲ್ಲೇ ಸುತ್ತುತ್ತಿರಿ!"

ಎಲ್ಲರೂ ನಕ್ಕರು. ಫೋನು ಇಟ್ಟ ಮೇಲೆ ಅಳಿಯನ ಮುಖ ನೋಡಿದೆ. ನಗು ಅಲ್ಲಿರಲಿಲ್ಲ.

ಅಂದು ರಾತ್ರಿ ಪಡಸಾಲೆಯಲ್ಲಿ ಮಲಗಿದಾಗ ತಾನೇ ಹೇಳಿದ. ಒಂದು ತಿಂಗಳ ಹಿಂದೆ ಬೇರೆ ಊರಿನ ಹೋಟೆಲಿನಲ್ಲಿ ಬೆಳಗಿನ ಜಾವ ಎದ್ದಾಗ ತಲೆ ಭಾರವಾಗಿ, ಗೋಡೆ ಹಿಡಿದು ನಿಂತನಂತೆ. ಐದು ನಿಮಿಷ. ಆಮೇಲೆ ಎಲ್ಲ ಸರಿ. ಕೆಳಗೆ ಕಾರು ನಿಂತಿತ್ತು. ಆದರೆ ಅವನು ಹತ್ತಲಿಲ್ಲ. ಫೋನು ಮಾಡಿ, 'ನನಗೆ ಆರೋಗ್ಯ ಸರಿಯಿಲ್ಲ, ಇವತ್ತು ಹಾರಿಸುವುದಿಲ್ಲ' ಎಂದ. ವೈದ್ಯರು ನೋಡಿದಾಗ ರಕ್ತದೊತ್ತಡ ಏರಿತ್ತು. ತಾತ್ಕಾಲಿಕವಾಗಿ ಅನರ್ಹ ಎಂದು ಬರೆದರು. ಔಷಧಿ, ಪಥ್ಯ, ನಡಿಗೆ. ಮೂರು ತಿಂಗಳ ಮೇಲೆ ಮರುಪರೀಕ್ಷೆ.

ಪೈಲಟ್ ಆದವನಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆ, 60 ದಾಟಿದ ಮೇಲೆ ಆರು ತಿಂಗಳಿಗೊಮ್ಮೆ. 65ಕ್ಕೆ ನಿವೃತ್ತಿ. ಕಣ್ಣು, ಕಿವಿ, ಹೃದಯ, ರಕ್ತ, ಮೂತ್ರ, ತೂಕ ಎಲ್ಲ ನೋಡುತ್ತಾರೆ. ಬಣ್ಣದ ಚುಕ್ಕಿಗಳ ನಡುವೆ ಅಡಗಿದ ಅಂಕಿ ಓದಿಸುತ್ತಾರೆ. ಮಕ್ಕಳೇ, ಕನ್ನಡಕ ಹಾಕುವವರು ಪೈಲಟ್ ಆಗಬಾರದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕನ್ನಡಕ ಹಾಕಿದಾಗ ಪೂರ್ತಿ ಕಾಣಬೇಕು, ಮತ್ತು ಜೇಬಿನಲ್ಲಿ ಇನ್ನೊಂದು ಕನ್ನಡಕ ಇರಬೇಕು, ಅಷ್ಟೆ. ನಮ್ಮ ಬೆಂಗಳೂರಿನ ವಿಮಾನಪುರದಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. 1957ರಲ್ಲಿ ಶುರುವಾದದ್ದು. ಗಗನಯಾನಕ್ಕೆ ಹೋಗುವವರನ್ನು ಪರೀಕ್ಷಿಸಿ ಆರಿಸಿದ್ದೂ ಅಲ್ಲೇ. ಇವನ ಮರುಪರೀಕ್ಷೆಯೂ ಅಲ್ಲೇ ಇತ್ತು.

ಪೈಲಟ್‌ಗಳ ಮೈಗೆ ಇಷ್ಟು ಪರೀಕ್ಷೆ ಏಕೆ ಎಂದು ಕೇಳಿದೆ. ಅವರ ಕಚೇರಿ 35,000 ಅಡಿ ಎತ್ತರದಲ್ಲಿ. ಹೊರಗೆ ಸೊನ್ನೆಗಿಂತ 50 ಡಿಗ್ರಿಗೂ ಕೆಳಗಿನ ಚಳಿ. ಒಳಗೆ ಗಾಳಿಯ ಒತ್ತಡ ಕಾಯ್ದಿಟ್ಟರೂ ಅದು ನೆಲದ ಮೇಲಿನಷ್ಟು ಇರುವುದಿಲ್ಲ. ನಮ್ಮ ರಾಜ್ಯದ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರು. ದಿನವೂ ಅಂಥ ಬೆಟ್ಟದ ತುದಿಯಲ್ಲಿ, ಕೆಲವೊಮ್ಮೆ ಅದಕ್ಕಿಂತ ತುಸು ಮೇಲೆ, ಕುಳಿತು ಕೆಲಸ ಮಾಡಿದ ಹಾಗೆ. ಗಾಳಿ ನಮ್ಮ ಏಪ್ರಿಲ್ ಮಧ್ಯಾಹ್ನಕ್ಕಿಂತ ಒಣ. ಕಣ್ಣು ಉರಿಯುತ್ತದೆ, ಗಂಟಲು ಒಣಗುತ್ತದೆ, ಕುಳಿತು ಕುಳಿತು ಬೆನ್ನು ಹಿಡಿಯುತ್ತದೆ. ನೆಗಡಿಯಾದರೂ ಹಾರಬಾರದು. ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ಸಣ್ಣ ಕೊಳವೆ ಕಟ್ಟಿದರೆ, ವಿಮಾನ ಇಳಿಯುವಾಗ ಒತ್ತಡ ಸರಿಹೊಂದದೆ ಕಿವಿಯ ತಮಟೆಗೇ ಅಪಾಯ. ಎಲ್ಲಕ್ಕಿಂತ ದೊಡ್ಡದು ನಿದ್ದೆ. ಒಂದು ದಿನ ಬೆಳಗಿನ ಜಾವ, ಇನ್ನೊಂದು ದಿನ ಮಧ್ಯರಾತ್ರಿ. ವರ್ಷಕ್ಕೆ 1,000 ಗಂಟೆಗಿಂತ ಹೆಚ್ಚು ಹಾರಿಸುವಂತಿಲ್ಲ ಎಂಬ ಮಿತಿ ಇದೆ. 2025ರಲ್ಲಿ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿದರು.

ನಾನು ಗುಮಾಸ್ತನ ಬುದ್ಧಿಯವನು. ಮನಸ್ಸಿನಲ್ಲಿ ಅವನ ಮನೆಸಾಲದ ಕಂತು, ಮಗಳ ಫೀಸು ಕೂಡಿಸುತ್ತಿದ್ದೆ. ಕೊನೆಗೆ ಕೇಳಿಯೇಬಿಟ್ಟೆ: "ಐದು ನಿಮಿಷದ ಮಾತು. ಸುಮ್ಮನಿದ್ದಿದ್ರ ಯಾರಿಗೆ ಗೊತ್ತಾಗ್ತಿತ್ತು?"

ಅವನು ಬಹಳ ಹೊತ್ತು ಮಾತಾಡಲಿಲ್ಲ. "ಯಾರಿಗೂ ಗೊತ್ತಾಗ್ತಿರಲಿಲ್ಲ ಮಾಮಾ. ಅದ ನನಗ ಅಂಜಿಕಿ ಆತು. ಹಿಂದ 180 ಮಂದಿ ಕುಂತಿರ್ತಾರ. ಅವರು ಬಂದು, ನಿನ್ನ ಬಿಪಿ ಎಷ್ಟದಪಾ ಅಂತ ಕೇಳೂದಿಲ್ಲ. ನನ್ನ ನಂಬಿ ಕಣ್ಣು ಮುಚ್ಚಿ ಮಲಗಿರ್ತಾರ. ನಾನ ನನ್ನ ಕೇಳ್ಕೋಬೇಕು."

ಹಾರುವ ಮುಂಚೆ ತನ್ನನ್ನೇ ಕೇಳಿಕೊಳ್ಳುವ ಪಟ್ಟಿಯೂ ಒಂದಿದೆಯಂತೆ. ಕಾಯಿಲೆ ಇದೆಯೇ? ಏನು ಔಷಧಿ ನುಂಗಿದ್ದೇನೆ? ಮನಸ್ಸಿಗೆ ಒತ್ತಡವಿದೆಯೇ? ಮದ್ಯ ಕುಡಿದಿದ್ದೇನೆಯೇ? ದಣಿದಿದ್ದೇನೆಯೇ? ಹೊಟ್ಟೆಗೆ ಏನಾದರೂ ತಿಂದಿದ್ದೇನೆಯೇ? ಇಂಗ್ಲಿಷಿನಲ್ಲಿ ಈ ಆರರ ಮೊದಲ ಅಕ್ಷರ ಕೂಡಿಸಿದರೆ 'ಐ ಆಮ್ ಸೇಫ್' ಎಂದಾಗುತ್ತದೆ.

ಮಂಗಳೂರಿನ ಮಾತೂ ಬಂತು. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನ ಬೆಟ್ಟದ ಮೇಲಿನ ಆ ರನ್‌ವೇಯಲ್ಲಿ ನಿಲ್ಲದೆ ಕಣಿವೆಗೆ ಬಿದ್ದು 158 ಜನ ಸತ್ತರು, ಎಂಟು ಜನ ಬದುಕಿದರು. ನಾವೆಲ್ಲ ಅಂದು ಟಿವಿಯ ಮುಂದೆ ಊಟ ಬಿಟ್ಟು ಕುಳಿತಿದ್ದೆವು. ತನಿಖೆಯಲ್ಲಿ ಎರಡು ಮಾತು ಹೊರಬಂದವು. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ನಿದ್ದೆ ಹೋಗಿದ್ದರು. ನಿದ್ದೆಯಿಂದ ಎದ್ದ ಮಂಪರಿನಲ್ಲಿ ಲೆಕ್ಕ ತಪ್ಪಿತು. ಎರಡನೆಯದು, ಪಕ್ಕದಲ್ಲಿ ಕುಳಿತ ಕೋ-ಪೈಲಟ್ ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಮೂರು ಸಲ ಹೇಳಿದ್ದರು. ಹೊತ್ತಿಗೆ ಸರಿಯಾಗಿ ಆ ಮಾತು ನಡೆಯಲಿಲ್ಲ.

"ಸತ್ತವರನ್ನ ಬೈಯಾಕ ಇದನ್ನ ನಮಗ ಕಲಸೂದಿಲ್ಲ ಮಾಮಾ" ಎಂದ. "ಪಕ್ಕದಾಂವ ಸಣ್ಣಾವಿದ್ರೂ ಅವನ ಮಾತು ಕೇಳಬೇಕು ಅಂತ ಕಲಸ್ತಾರ."

ಅವನು ನಿದ್ದೆ ಹೋದ. ನನಗೆ ನಿದ್ದೆ ಬರಲಿಲ್ಲ. ಏಕೆಂದರೆ ನನ್ನದೂ ಒಂದು ಗುಟ್ಟಿತ್ತು.

ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಮೊಮ್ಮಗನನ್ನು ಊರಾಚೆಯ ಶಾಲೆಗೆ ಸ್ಕೂಟರಿನ ಮೇಲೆ ಬಿಡುವವನು ನಾನು. ನನಗೆ ಸಕ್ಕರೆ ಕಾಯಿಲೆ ಇದೆ. ಗುಳಿಗೆ ನುಂಗಿ, ತಿಂಡಿ ತಡವಾದರೆ ಸಕ್ಕರೆ ಇಳಿದು ಕೈ ನಡುಗುತ್ತದೆ, ಕಣ್ಣಿಗೆ ಮಂಜು ಕವಿಯುತ್ತದೆ. ಬಲಗಣ್ಣಿನಲ್ಲಿ ಪೊರೆ ಬೇರೆ ಬೆಳೆಯುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಸ್ಕೂಟರು ಕಸಿದುಕೊಳ್ಳುತ್ತಾರೆ ಎಂಬ ಭಯ. ವಯಸ್ಸಾದವರಿಗೆ ಇದು ಅರ್ಥವಾದೀತು. ಸಂಬಳ ನಿಂತಿತು, ಕುರ್ಚಿ ಹೋಯಿತು, ಮನೆಯಲ್ಲಿ ನಮ್ಮಿಂದ ಆಗುವ ಒಂದೇ ಕೆಲಸ ಮೊಮ್ಮಗನನ್ನು ಶಾಲೆಗೆ ಬಿಡುವುದು. ಅದೂ ಹೋದರೆ?

ಗಣೇಶ ಚೌತಿಯ ಹಿಂದಿನ ವಾರ, ತಿರುವಿನಲ್ಲಿ ನಿಂತಿದ್ದ ಚಕ್ಕಡಿ ನನಗೆ ಕಾಣಲೇ ಇಲ್ಲ. ಹಿಂದೆ ಕುಳಿತ ಹುಡುಗ, "ಅಜ್ಜಾ, ಚಕ್ಕಡಿ! ಅಜ್ಜಾ!" ಎಂದು ಎರಡು ಸಲ ಕೂಗಿದ. "ಸುಮ್ಮನ ಕೂಡೋ, ನನಗ ಕಾಣ್ತದ" ಎಂದೆ. ಕಂಡಿರಲಿಲ್ಲ. ಕೊನೆಗೆ ಗಕ್ಕನೆ ಹೊರಳಿಸಿದೆ, ಇಬ್ಬರೂ ಮಣ್ಣಿಗೆ ಬಿದ್ದೆವು. ಅವನ ಮೊಣಕಾಲು ಕೆತ್ತಿ ರಕ್ತ ಬಂತು. ದೇವರು ದೊಡ್ಡವನು, ಅಷ್ಟಕ್ಕೇ ಮುಗಿಯಿತು. ಮನೆಯಲ್ಲಿ ನಾಯಿ ಅಡ್ಡ ಬಂತು ಎಂದು ಹೇಳಿದೆ. ಹುಡುಗ ನನ್ನ ಮುಖ ನೋಡಿದ. ಅವನೂ ನಾಯಿ ಎಂದೇ ಹೇಳಿದ. ನನ್ನ ಸುಳ್ಳಿಗೆ ಐದನೆಯ ತರಗತಿಯ ಹುಡುಗ ಜಾಮೀನು ನಿಂತ.

ಮರುದಿನ ಮುಂಜಾನೆ ಸ್ಕೂಟರು ತೆಗೆದೆ. ಹುಡುಗ ಚೀಲ ಹೆಗಲಿಗೇರಿಸಿ ಬಂದ. ಕೈಯಲ್ಲೊಂದು ಕಾಗದ. ಮಾಮಾನಿಂದ ಕೇಳಿ ಬರೆದುಕೊಂಡಿದ್ದನಂತೆ. ಸ್ಕೂಟರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಗಾಲಿ ಒದ್ದು ನೋಡಿದ. ಆಮೇಲೆ ಗಂಭೀರವಾಗಿ ಓದಲು ಶುರುಮಾಡಿದ.

"ಕ್ಯಾಪ್ಟನ್ ಅಜ್ಜಾ, ಕಾಯಿಲಿ?"

ನಾನು ನಕ್ಕು, "ಇಲ್ಲ" ಎನ್ನಬೇಕೆಂದಿದ್ದೆ. ಬಾಯಿಗೆ ಬರಲಿಲ್ಲ.

"ಔಷಧಿ? ನಿದ್ದಿ ಆಗೇದೇನು? ನಾಷ್ಟಾ ಆತೇನು?"

ಗುಳಿಗೆ ನುಂಗಿದ್ದೆ. ನಿದ್ದೆ ಆಗಿರಲಿಲ್ಲ. ನಾಷ್ಟಾ ಆಗಿರಲಿಲ್ಲ. ಅವನು ಟಿಕ್ ಹಾಕಲು ಪೆನ್ಸಿಲ್ ಹಿಡಿದು ಕಾಯುತ್ತಿದ್ದ. ಆಟವೆಂದು ಕೇಳುತ್ತಿದ್ದನೋ, ನಿಜವಾಗಿ ಕೇಳುತ್ತಿದ್ದನೋ ನನಗೆ ಇಂದಿಗೂ ಗೊತ್ತಿಲ್ಲ. ಅವನ ಮೊಣಕಾಲಿನ ಮೇಲೆ ಹೊಸ ಚರ್ಮ ಬಂದ ಗುಲಾಬಿ ಕಲೆ ಇತ್ತು.

"ಅಜ್ಜಗ ಫಿಟ್ ಇಲ್ಲಪಾ" ಎಂದೆ. "ಇವತ್ತು ವಿಮಾನ ಹಾರೂದಿಲ್ಲ."

ಕೀಲಿ ತೆಗೆದು ಒಳಗೆ ಹೋದೆ. ಚಹಾ ಕುಡಿಯುತ್ತಿದ್ದ ಅಳಿಯನ ಮುಂದೆ, ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ಮುಂದೆ ಎಲ್ಲ ಹೇಳಿದೆ. ನಾಯಿ ಅಡ್ಡ ಬಂದಿರಲಿಲ್ಲ ಎಂಬುದನ್ನೂ ಹೇಳಿದೆ. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಹಂಗಾರ ಇಷ್ಟು ದಿನ ನಮ್ಮ ಕೂಸನ್ನ ಹಿಂಗ ಕರಕೊಂಡು ಹೋಗ್ತಿದ್ರೇನು?" ಎಂದಳು. ಮುಂದೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಂಜೆ ಮಗ ಬಂದ ಮೇಲೆ ಅವನಿಗೂ ಹೇಳಿದೆ. ಅವನು ಬಹಳ ಹೊತ್ತು ಹುಡುಗನ ಮೊಣಕಾಲು ಸವರುತ್ತ ಕುಳಿತಿದ್ದ.

ಆ ವಾರವೇ ಅಳಿಯ ನನ್ನನ್ನು ವೈದ್ಯರ ಬಳಿ ಕರೆದೊಯ್ದ. ಅವರು ಗುಳಿಗೆಯ ಪ್ರಮಾಣ ಬದಲಿಸಿದರು, ತಿಂಡಿಯ ಹೊತ್ತು ಗೊತ್ತುಮಾಡಿದರು. ಮುಂದೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯೂ ಆಯಿತು. ಪಟ್ಟಿ ಬಿಚ್ಚಿದ ದಿನ ಮನೆಯ ಗೋಡೆಯ ಬಣ್ಣ ಹಳದಿಯಲ್ಲ, ಬಿಳಿ ಎಂದು ಗೊತ್ತಾಯಿತು. ಇಷ್ಟು ದಿನ ನಾನು ಏನು ನೋಡಿ ಗಾಡಿ ಹೊಡೆಯುತ್ತಿದ್ದೆ ಎಂದು ನೆನೆದು ಮೈ ಜುಮ್ಮೆಂದಿತು.

ಅಳಿಯನೂ ನಾನೂ ಮೂರು ತಿಂಗಳು ಒಟ್ಟಿಗೆ ನಡೆದೆವು. ಉಪ್ಪು ಕಡಿಮೆ, ಉಪ್ಪಿನಕಾಯಿ ಬಂದ್. ಮಿರ್ಚಿ ವಾರಕ್ಕೊಂದು, ಅದೂ ಅರ್ಧ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿದೆವು. ಅವನು ನಗುತ್ತಿದ್ದ, ಆದರೆ ದಿನಾಂಕ ಎಣಿಸುತ್ತಿದ್ದ. ಪಾಸಾಗದಿದ್ದರೆ ಬೇರೆ ಏನು ಕೆಲಸ ಗೊತ್ತಿದೆ ನನಗೆ ಎಂದು ಒಮ್ಮೆ ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. "ಮತ್ತ ಜಾಮೀನು ಬೇಕಾದ್ರ ನಾನದೀನಿ" ಎಂದೆ.

ಸಂಕ್ರಾಂತಿ ಮುಗಿದ ಮೇಲೆ ವಿಮಾನಪುರದಿಂದ ಫೋನು ಬಂತು. "ಮಾಮಾ, ಫಿಟ್!" ಅಷ್ಟೇ ಮಾತು. ಆಮೇಲೆ ಅತ್ತಿಯ ಕೈಗೆ ಫೋನು ಕೊಡಿ ಎಂದ, ಅವಳ ಜೊತೆ ಮಾತಾಡುವಾಗ ಅತ್ತನಂತೆ. ಆದರೂ ಕೂಡಲೇ ಹಾರಲು ಬಿಡಲಿಲ್ಲ. 90 ದಿನಗಳೊಳಗೆ ಮೂರು ಸಲವಾದರೂ ವಿಮಾನ ಏರಿಸಿ ಇಳಿಸಿರದಿದ್ದರೆ, ನೆಲದ ಮೇಲಿನ ಸಿಮ್ಯುಲೇಟರಿನಲ್ಲಿ ಕುಳಿತು ಕೈ ಪಳಗಿಸಿಕೊಂಡು ಮತ್ತೆ ಏರಬೇಕು. ಅದನ್ನೂ ಮುಗಿಸಿ ಈಗ ಹಾರಿಸುತ್ತಿದ್ದಾನೆ.

ನನಗೆ ಕಣ್ಣು ಚೆನ್ನಾಗಿ ಕಾಣುತ್ತದೆ. ಆದರೂ ಸ್ಕೂಟರಿನ ಕೀಲಿ ಮಗನ ಬಳಿ ಇದೆ. ಮೊಮ್ಮಗನನ್ನು ಶಾಲೆಗೆ ಬಿಡುವ ಕೆಲಸ ಮಾತ್ರ ನನ್ನದೇ. ನಡೆದುಕೊಂಡು ಹೋಗುತ್ತೇವೆ, ಇಪ್ಪತ್ತು ನಿಮಿಷ. ಹೊರಡುವ ಮುಂಚೆ ಅವನು ಪಟ್ಟಿ ಓದುತ್ತಾನೆ, ನಾನು ಉತ್ತರ ಹೇಳುತ್ತೇನೆ. ಸುಳ್ಳು ಹೇಳುವುದಿಲ್ಲ. ಒಂದೆರಡು ಸಲ 'ಇಲ್ಲ' ಎಂದದ್ದೂ ಉಂಟು, ಅಂದು ಅವನ ಅಕ್ಕ ಜೊತೆಗೆ ಹೋಗಿದ್ದಾಳೆ.

ಮಕ್ಕಳೇ, ನಿಮ್ಮ ಮನೆಯಲ್ಲೂ ಒಬ್ಬ ಕ್ಯಾಪ್ಟನ್ ಅಜ್ಜನೋ ಅಜ್ಜಿಯೋ ಇರಬಹುದು. ಅವರಿಗೂ ದಿನಾ ಕೇಳಿ: ಗುಳಿಗೆ ಆಯಿತೇ, ನಾಷ್ಟಾ ಆಯಿತೇ, ನಿದ್ದೆ ಬಂತೇ ಎಂದು. ಗದರಿಸಿದರೂ ಇನ್ನೊಮ್ಮೆ ಕೇಳಿ. ಮತ್ತು ನನ್ನ ವಯಸ್ಸಿನವರೇ, ಹಿಂದಿನ ಸೀಟಿನಿಂದ ಸಣ್ಣ ದನಿಯೊಂದು 'ಅಜ್ಜಾ, ಚಕ್ಕಡಿ' ಎಂದು ಕೂಗಿದರೆ, ದಯವಿಟ್ಟು ಮೊದಲು ಬ್ರೇಕ್ ಒತ್ತಿ. ಕಾಣುತ್ತದೋ ಇಲ್ಲವೋ ಆಮೇಲೆ ನೋಡೋಣ.

ಮೊನ್ನೆ ಶಾಲೆಯ ದಾರಿಯಲ್ಲಿ ಮೇಲೆ ಸದ್ದು ಕೇಳಿತು. ಇಬ್ಬರೂ ನಿಂತು ಕತ್ತೆತ್ತಿದೆವು. ಅದು ಅಳಿಯನ ವಿಮಾನವೋ ಬೇರೆಯವರದೋ, ಯಾರಿಗೆ ಗೊತ್ತು? ಇಬ್ಬರೂ ಕೈ ಬೀಸಿದೆವು.